ಬಿಷಪ್ಪರ ಲೆಕ್ಕ, ಎನ್ಗಿಡಿಯ ಪ್ರಶ್ನೆ

1862ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಲಾಂಗ್‌ಮನ್ ಪ್ರಕಾಶಕರು ಒಂದು ಪುಸ್ತಕ ಹೊರತಂದರು. ಮೋಶೆ ಬರೆದನೆಂದು ನಂಬಲಾದ ಐದು ಗ್ರಂಥಗಳನ್ನೂ ಯೆಹೋಶುವನ ಗ್ರಂಥವನ್ನೂ ಸಾಲುಸಾಲಾಗಿ ಪರೀಕ್ಷೆಗೆ ಒಡ್ಡಿದ ಪುಸ್ತಕ ಅದು. ಕೆಲವೇ ವಾರಗಳಲ್ಲಿ ಸಾವಿರಾರು ಪ್ರತಿಗಳು ಖರ್ಚಾದವು. ಬೈಬಲ್ಲಿನ ದೇವರು ಕ್ರೂರಿ, ಅದರ ಕಥೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂಬ ಮಾತು ಯುರೋಪಿಗೆ ಹೊಸದಲ್ಲ. ವಾಲ್ಟೇರ್, ಥಾಮಸ್ ಪೇನ್ ಮೊದಲಾದವರು ಅದನ್ನು ಹಿಂದಿನ ಶತಮಾನದಲ್ಲೇ ಗಟ್ಟಿಯಾಗಿ ಹೇಳಿದ್ದರು. ಆದರೆ ಅವರು ಚರ್ಚಿನ ಹೊರಗೆ ನಿಂತವರು. ಈ ಪುಸ್ತಕ ಬರೆದವರು ದಕ್ಷಿಣ ಆಫ್ರಿಕಾದ ನೇಟಾಲಿನ ಬಿಷಪ್ ಜಾನ್ ವಿಲಿಯಂ ಕೊಲೆನ್ಸೊ. ಇಂಗ್ಲೆಂಡಿನ ಶಾಲಾಮಕ್ಕಳಿಗೆ ಅವರ ಹೆಸರು ಮೊದಲೇ ಗೊತ್ತಿತ್ತು. ಅವರು ಕಲಿಯುತ್ತಿದ್ದ ಅಂಕಗಣಿತದ ಪುಸ್ತಕ ಕೊಲೆನ್ಸೊ ಬರೆದದ್ದೇ.

ಆ ಗಣಿತ ಬಂದದ್ದು ಬಡತನದಿಂದ. ಕೊಲೆನ್ಸೊ 1814ರಲ್ಲಿ ಕಾರ್ನ್‌ವಾಲಿನ ಸೇಂಟ್ ಆಸ್ಟೆಲ್‌ನಲ್ಲಿ ಹುಟ್ಟಿದರು. ತಂದೆಯ ತವರದ ಗಣಿಯೊಳಗೆ ನೀರು ನುಗ್ಗಿ ಮನೆತನ ದಿವಾಳಿಯಾಯಿತು. ಕೇಂಬ್ರಿಡ್ಜಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಶುಲ್ಕ ವಿನಾಯಿತಿ ಪಡೆದು ಓದಿ, 1836ರ ಗಣಿತ ಪರೀಕ್ಷೆಯಲ್ಲಿ ಇಡೀ ವಿಶ್ವವಿದ್ಯಾಲಯಕ್ಕೆ ಎರಡನೆಯವರಾಗಿ ತೇರ್ಗಡೆಯಾದರು. ಹ್ಯಾರೋ ಶಾಲೆಯಲ್ಲಿ ಮೇಷ್ಟರಾಗಿದ್ದಾಗ ಅವರ ವಸತಿಮನೆಗೆ ಬೆಂಕಿ ಬಿದ್ದು ಸಾಲ ಬೆಳೆಯಿತು. ಆ ಸಾಲ ತೀರಿದ್ದು ಮುಖ್ಯವಾಗಿ ಪಠ್ಯಪುಸ್ತಕಗಳಿಂದ. ನಂತರ ಪಾದ್ರಿಯಾಗಿ ನಾರ್ಫೋಕಿನ ಒಂದು ಹಳ್ಳಿಯ ಚರ್ಚನ್ನು ನೋಡಿಕೊಳ್ಳುತ್ತಿದ್ದವರನ್ನು 1853ರಲ್ಲಿ ನೇಟಾಲಿನ ಮೊದಲ ಬಿಷಪ್ಪರನ್ನಾಗಿ ನೇಮಿಸಲಾಯಿತು.

1855ರಲ್ಲಿ ಅವರು ಸಂಸಾರ ಸಮೇತ ಪೀಟರ್‌ಮಾರಿಟ್ಸ್‌ಬರ್ಗ್ ಪಟ್ಟಣದ ಹೊರವಲಯಕ್ಕೆ ಬಂದು ನೆಲೆಸಿದರು. ಅಲ್ಲಿ ಕಟ್ಟಿದ ಮಿಷನ್ನಿಗೆ ಎಕುಖನ್ಯೇನಿ, ಅಂದರೆ ಬೆಳಕಿನ ಠಾವು ಎಂದು ಹೆಸರಿಟ್ಟರು. ಶಾಲೆ, ಮುದ್ರಣಾಲಯ, ಹೊಲ ಎಲ್ಲವೂ ಅಲ್ಲಿದ್ದವು. ಜುಲು ಮುಖಂಡರ ಮಕ್ಕಳು ಓದಲು ಬಂದರು. ಕೊಲೆನ್ಸೊ ಹಟ ಹಿಡಿದವರಂತೆ ಜುಲು ಭಾಷೆ ಕಲಿತರು, ವ್ಯಾಕರಣ ಬರೆದರು, 1861ರಲ್ಲಿ ದೊಡ್ಡ ನಿಘಂಟು ಮುಗಿಸಿದರು. ಜುಲು ಜನ ಅವರನ್ನು ಸೊಬಂಟು ಎಂದು ಕರೆದರು, ಜನರ ತಂದೆ ಎಂಬ ಅರ್ಥದಲ್ಲಿ. ಉಳಿದ ಮಿಷನರಿಗಳಿಗೆ ಮಾತ್ರ ಆರಂಭದಿಂದಲೂ ಅವರ ಬಗ್ಗೆ ಅಸಮಾಧಾನವಿತ್ತು. ಹಲವು ಹೆಂಡಿರಿರುವ ಜುಲು ಗಂಡಸು ಕ್ರೈಸ್ತನಾಗಬೇಕೆಂದರೆ ಒಬ್ಬಳನ್ನು ಉಳಿಸಿಕೊಂಡು ಉಳಿದವರನ್ನು ಬಿಡಬೇಕು ಎಂಬುದು ಮಿಷನರಿಗಳ ನಿಯಮ. ಬಿಟ್ಟ ಹೆಂಗಸರೂ ಅವರ ಮಕ್ಕಳೂ ಎಲ್ಲಿಗೆ ಹೋಗಬೇಕು ಎಂದು ಕೊಲೆನ್ಸೊ ಕೇಳಿದರು. ನಿಯಮಕ್ಕಿಂತ ಮೊದಲು ಆ ನಿಯಮದಿಂದ ಬೀದಿಗೆ ಬೀಳುವವರನ್ನು ನೋಡುವ ಈ ಅಭ್ಯಾಸವೇ ಮುಂದೆ ಅವರನ್ನು ಎಲ್ಲಿಂದೆಲ್ಲಿಗೋ ಕೊಂಡೊಯ್ದಿತು.

ಬೈಬಲ್ಲನ್ನು ಜುಲು ಭಾಷೆಗೆ ತರುವ ಕೆಲಸದಲ್ಲಿ ಅವರ ಜೊತೆ ಕೂರುತ್ತಿದ್ದವರು ವಿಲಿಯಂ ಎನ್ಗಿಡಿ. ಸ್ನಾನದೀಕ್ಷೆ ಪಡೆದ ಜುಲು ಕ್ರೈಸ್ತ, ಮಿಷನ್ನಿನ ಶಿಕ್ಷಕ. 1859ರಲ್ಲಿ ಕೊಲೆನ್ಸೊ ಜುಲು ರಾಜ ಎಂಪಾಂಡೆಯನ್ನು ಕಾಣಲು ಹೋದಾಗ ಜೊತೆಗೆ ಹೋಗಿದ್ದವರಲ್ಲಿ ಎನ್ಗಿಡಿ ಒಬ್ಬರು. ಆ ಪ್ರಯಾಣದ ಬಗ್ಗೆ ಅವರು ತಮ್ಮ ಭಾಷೆಯಲ್ಲೇ ಬರೆದ ವೃತ್ತಾಂತವನ್ನು ಮಿಷನ್ ಮರುವರ್ಷ ಪ್ರಕಟಿಸಿತು. ಇಷ್ಟು ತಿಳಿವಳಿಕೆಯ ಮನುಷ್ಯ ಆದಿಕಾಂಡದ ಜಲಪ್ರಳಯದ ಕಥೆಗೆ ಜುಲು ಮಾತು ಹೊಂದಿಸುತ್ತಾ ಇದ್ದಕ್ಕಿದ್ದಂತೆ ನಿಲ್ಲಿಸಿದರು. ಇದೆಲ್ಲ ನಿಜವಾಗಿಯೂ ನಡೆಯಿತೆಂದು ನೀವು ನಂಬುತ್ತೀರಾ ಎಂದು ಬಿಷಪ್ಪರನ್ನು ಕೇಳಿದರು. ಬಿಸಿನಾಡಿನ, ಚಳಿನಾಡಿನ ಪ್ರಾಣಿ ಪಕ್ಷಿ ಹುಳಹುಪ್ಪಟೆಗಳೆಲ್ಲ ಜೋಡಿಜೋಡಿಯಾಗಿ ಬಂದು ನೋಹನ ನಾವೆ ಹತ್ತಿದವೇ? ಮಾಂಸ ತಿನ್ನುವವಕ್ಕೂ ನೋಹನೇ ಆಹಾರ ಕೂಡಿಟ್ಟನೇ?

ಕೊಲೆನ್ಸೊ ಚಾರ್ಲ್ಸ್ ಲೈಯೆಲ್‌ನ ಭೂವಿಜ್ಞಾನವನ್ನು ಓದಿದ್ದರು. ಫ್ರಾನ್ಸಿನ ಓವರ್ನ್ಯ್ ಪ್ರಾಂತದ ಹಳೆಯ ಜ್ವಾಲಾಮುಖಿ ಗುಡ್ಡಗಳ ಮೇಲೆ ಹಗುರವಾದ ಬೂದಿಕಲ್ಲಿನ ರಾಶಿ ಕದಲದೆ ಕೂತಿದೆ, ಭೂಮಿಯನ್ನೆಲ್ಲ ಮುಳುಗಿಸಿದ ಪ್ರಳಯ ಬಂದಿದ್ದರೆ ಅದು ಕೊಚ್ಚಿಹೋಗಿರುತ್ತಿತ್ತು ಎಂಬುದು ಅವರಿಗೆ ತಿಳಿದಿತ್ತು. ತಿಳಿದಿದ್ದನ್ನು ಬದಿಗಿಟ್ಟು ಹೌದು ಎನ್ನಬಹುದಿತ್ತು. ಆ ಕಾಲದ ಎಷ್ಟೋ ಪಾದ್ರಿಗಳು ಹಾಗೆಯೇ ಮಾಡುತ್ತಿದ್ದರು. ದೇವರ ಹೆಸರಿನಲ್ಲಿ ಸುಳ್ಳು ಹೇಳಬಾರದೆಂಬ ಪ್ರವಾದಿಯ ಎಚ್ಚರಿಕೆ ಆ ಗಳಿಗೆಯಲ್ಲಿ ತಮ್ಮ ಮನಸ್ಸಿಗೆ ಬಂತು, ಹೌದೆನ್ನುವ ಧೈರ್ಯ ಆಗಲಿಲ್ಲ ಎಂದು ಅವರು ಮುಂದೆ ಬರೆದರು. ಎನ್ಗಿಡಿಗೆ ಸದ್ಯಕ್ಕೆ ಸಮಾಧಾನವಾಗುವಂಥ ಉತ್ತರ ಕೊಟ್ಟರು. ತಮಗೆ ಸಮಾಧಾನವಾಗಲಿಲ್ಲ.

ಜನ ನೆನಪಿಟ್ಟುಕೊಂಡದ್ದು ಪ್ರಳಯದ ಪ್ರಶ್ನೆಯನ್ನು. ನನಗೆ ಹೆಚ್ಚು ತೂಕದ್ದೆನಿಸುವುದು ಇನ್ನೊಂದು ಪ್ರಸಂಗ. ವಿಮೋಚನಕಾಂಡದ 21ನೆಯ ಅಧ್ಯಾಯದಲ್ಲಿ ಗುಲಾಮರ ಬಗೆಗಿನ ಕಟ್ಟಳೆಯೊಂದಿದೆ. ಒಡೆಯ ಗುಲಾಮನನ್ನೋ ದಾಸಿಯನ್ನೋ ಕೋಲಿನಿಂದ ಹೊಡೆದು, ಆ ಜೀವ ಅಲ್ಲೇ ಹೋದರೆ ಒಡೆಯನಿಗೆ ದಂಡನೆಯುಂಟು. ಹೊಡೆತ ತಿಂದವನು ಒಂದೆರಡು ದಿನ ಬದುಕಿ ಆಮೇಲೆ ಸತ್ತರೆ ದಂಡನೆಯಿಲ್ಲ. ಕಾರಣ, ಗುಲಾಮ ಒಡೆಯನ ದುಡ್ಡು. ಇದು ಸಾಕ್ಷಾತ್ ದೇವರು ಸೀನಾಯ್ ಬೆಟ್ಟದಲ್ಲಿ ಮೋಶೆಗೆ ಹೇಳಿದ ಮಾತೆಂದು ಗ್ರಂಥ ಹೇಳುತ್ತದೆ. ಇದನ್ನು ಜುಲು ಭಾಷೆಗೆ ಇಳಿಸುವಾಗ ಕೇಳಿಸಿಕೊಂಡ ಸಹಾಯಕರ ಮನಸ್ಸು ಹೇಗೆ ತಿರುಗಿಬಿದ್ದಿತು ಎಂಬುದನ್ನು ತಾನೆಂದೂ ಮರೆಯಲಾರೆ ಎಂದು ಕೊಲೆನ್ಸೊ ಬರೆದಿದ್ದಾರೆ. ಎಲ್ಲ ಮನುಷ್ಯರಿಗೂ ತಂದೆಯೆಂದು ನೀವು ನನಗೆ ಕಲಿಸಿದ ದೇವರು ಒಬ್ಬ ಆಳನ್ನು ಬರೀ ಹಣವೆಂದು ಕರೆಯುವುದು ಹೇಗೆ ಸಾಧ್ಯ? ಪ್ರಶ್ನೆಯ ತಿರುಳು ಇಷ್ಟೇ. ಬಿಷಪ್ಪರಿಗೂ ಒಳಗೊಳಗೇ ಅದೇ ಅನ್ನಿಸಿತ್ತು.

ಇದು ನಾಸ್ತಿಕನ ಪ್ರಶ್ನೆಯಲ್ಲ. ದೇವರು ನ್ಯಾಯವಂತನೆಂದು ಮನಸಾರೆ ನಂಬಿದವನು ಮಾತ್ರ ಹೀಗೆ ಕೇಳಬಲ್ಲ. ಕ್ರೈಸ್ತ ಧರ್ಮದೊಳಗೆ ಇದು ಬಹಳ ಹಳೆಯ ನೋವು. ಕಪ್ಪು ಸಮುದ್ರದ ದಡದ ಸಿನೋಪೆಯಿಂದ ರೋಮಿಗೆ ಬಂದ ಮಾರ್ಸಿಯನ್ ಎಂಬಾತ ಕ್ರಿ.ಶ. 144ರ ಹೊತ್ತಿಗೇ, ಹಳೆಯ ಒಡಂಬಡಿಕೆಯ ದಂಡಿಸುವ ದೇವರೂ ಯೇಸು ತೋರಿಸಿದ ತಂದೆಯೂ ಒಬ್ಬರಲ್ಲವೆಂದು ವಾದಿಸಿ, ಹಳೆಯ ಒಡಂಬಡಿಕೆಯನ್ನೇ ಕೈಬಿಟ್ಟ. ಚರ್ಚು ಅವನನ್ನು ಹೊರಹಾಕಿತು. ಅಲೆಕ್ಸಾಂಡ್ರಿಯದ ಒರಿಜೆನ್ ಇನ್ನೊಂದು ದಾರಿ ಹಿಡಿದ: ಯೆಹೋಶುವನ ಗ್ರಂಥದ ಕಾನಾನಿನ ಕಗ್ಗೊಲೆಗಳು ಆತ್ಮ ತನ್ನೊಳಗಿನ ಪಾಪಗಳನ್ನು ಕೊಲ್ಲುವ ರೂಪಕಗಳು ಎಂದ. ಚರ್ಚಿಗೆ ಇದು ಒಗ್ಗಿತು. ಕೊಲೆನ್ಸೊ ಎರಡನ್ನೂ ಒಪ್ಪಲಿಲ್ಲ. ದೇವರು ಒಬ್ಬನೇ, ಅವನು ನ್ಯಾಯವಂತ. ಆದ್ದರಿಂದ ಈ ಕಟ್ಟಳೆ ಅವನದಲ್ಲ, ಮನುಷ್ಯರು ಬರೆದು ಅವನ ಹೆಸರು ಹಾಕಿದ್ದು ಎಂಬುದು ಅವರ ನಿಲುವು. ಕೇಳಲು ಸರಳ. ಆದರೆ ಬೈಬಲ್ಲಿನ ಗ್ರಂಥಗಳನ್ನೆಲ್ಲ ಮನಸಾರೆ ನಂಬುತ್ತೇನೆಂದು ದೀಕ್ಷೆಯ ಹೊತ್ತಿನಲ್ಲಿ ಒಪ್ಪಿಕೊಂಡವರು ಹಾಗೆ ಹೇಳಲು ಪ್ರಮಾಣ ಬೇಕಿತ್ತು. ಕೊಲೆನ್ಸೊ ಜರ್ಮನ್ ವಿದ್ವಾಂಸರ ಪುಸ್ತಕಗಳನ್ನು ತರಿಸಿ ರಾಶಿ ಹಾಕಿಕೊಂಡರು. ಕೊನೆಗೆ ಪ್ರಮಾಣಕ್ಕೆ ತಮ್ಮ ಹಳೆಯ ವಿದ್ಯೆಯಾದ ಗಣಿತವನ್ನೇ ಹಿಡಿದರು.

ಬೈಬಲ್ಲಿನ ಪ್ರಕಾರ ಯಾಕೋಬನ ವಂಶದ ಎಪ್ಪತ್ತು ಜನ ಐಗುಪ್ತಕ್ಕೆ ಇಳಿದುಹೋದರು. ನಾಲ್ಕು ತಲೆಮಾರಿನಲ್ಲಿ ಅವರು ಅಲ್ಲಿಂದ ಹೊರಟಾಗ ಯುದ್ಧ ಮಾಡಬಲ್ಲ ಗಂಡಸರೇ ಆರು ಲಕ್ಷ. ಅರಣ್ಯಕಾಂಡದ ಮೊದಲ ಅಧ್ಯಾಯದ ಜನಗಣತಿ ಇನ್ನೂ ಕರಾರುವಾಕ್ಕಾಗಿ 6,03,550 ಎನ್ನುತ್ತದೆ. ಹೆಂಗಸರು, ಮಕ್ಕಳು, ಮುದುಕರು ಸೇರಿದರೆ ಇಪ್ಪತ್ತು ಲಕ್ಷಕ್ಕೆ ಕಡಿಮೆಯಿಲ್ಲ. ಇಷ್ಟು ಜನ, ದನಕುರಿಗಳ ಸಮೇತ, ಒಂದೇ ರಾತ್ರಿಯ ಅಪ್ಪಣೆಗೆ ಹೊರಟರು. ಯಾಜಕಕಾಂಡದಲ್ಲಿ ಸಭೆಯವರೆಲ್ಲರೂ ದೇವದರ್ಶನದ ಗುಡಾರದ ಬಾಗಿಲಲ್ಲಿ ಸೇರಿದರು ಎಂದಿದೆ. ಗುಡಾರದ ಅಗಲ ಸುಮಾರು 18 ಅಡಿ. ಸಾಲಿಗೆ ಒಂಬತ್ತು ಜನ ಒತ್ತಿ ನಿಂತು, ಸಾಲುಗಳ ನಡುವೆ ಒಂದೂವರೆ ಅಡಿ ಬಿಟ್ಟರೆ, ಆ ಗಂಡಸರ ಸಾಲೊಂದೇ ಹತ್ತಿರ ಹತ್ತಿರ ಇಪ್ಪತ್ತು ಮೈಲಿ ಉದ್ದವಾಗುತ್ತದೆ. ಗುಡಾರದ ಅಂಗಳ ನೂರು ಮೊಳ ಉದ್ದ, ಐವತ್ತು ಮೊಳ ಅಗಲ. ಕಿಕ್ಕಿರಿದರೂ ಐದು ಸಾವಿರ ಜನ ಹಿಡಿಸಿಯಾರು.

ಚೊಚ್ಚಲು ಗಂಡುಮಕ್ಕಳ ಗಣತಿ 22,273 ಎಂದಿದೆ. ಒಟ್ಟು ಗಂಡಸರ ಸಂಖ್ಯೆಗೆ ಇದನ್ನು ಹೊಂದಿಸಿದರೆ ಪ್ರತಿ ತಾಯಿಗೂ ನಲವತ್ತಕ್ಕೆ ಮೇಲ್ಪಟ್ಟು ಗಂಡುಮಕ್ಕಳೇ ಹುಟ್ಟಿರಬೇಕು. ಆಮೇಲೆ ಪಾರಿವಾಳದ ಲೆಕ್ಕ. ಹೆತ್ತ ತಾಯಿ ಪಾಪಪರಿಹಾರಕ್ಕೆ ಹಕ್ಕಿಯೊಂದನ್ನು ಅರ್ಪಿಸಬೇಕು, ಅದನ್ನು ಯಾಜಕರು ಪವಿತ್ರ ಸ್ಥಳದಲ್ಲೇ ತಿನ್ನಬೇಕು. ಇಪ್ಪತ್ತು ಲಕ್ಷ ಜನರಲ್ಲಿ ದಿನಕ್ಕೆ 264 ಹೆರಿಗೆ ಎಂದು ಹಿಡಿದರೂ 264 ಹಕ್ಕಿಗಳಾದವು. ಯಾಜಕರೆಂದರೆ ಆರೋನ ಮತ್ತವನ ಇಬ್ಬರು ಮಕ್ಕಳು, ಎಲ್ಲಾಜಾರ ಮತ್ತು ಈತಾಮಾರ. ತಲೆಗೆ ದಿನವೊಂದಕ್ಕೆ 88 ಹಕ್ಕಿ. ಮರಳುಗಾಡಿನಲ್ಲಿ ಅಷ್ಟು ಹಕ್ಕಿಗಳು ಬಂದದ್ದಾದರೂ ಎಲ್ಲಿಂದ ಎಂಬ ಪ್ರಶ್ನೆ ಬೇರೆ.

ಇಂಗ್ಲೆಂಡಿನ ಓದುಗರ ಬಾಯಲ್ಲಿ ಉಳಿದದ್ದು ಈ ಪಾರಿವಾಳಗಳು. ನನಗನ್ನಿಸುವಂತೆ ಇಡೀ ಪುಸ್ತಕದ ಬಿಸಿ ಇರುವುದು ಮಿದ್ಯಾನ್ಯರ ಪ್ರಸಂಗದಲ್ಲಿ. ಅರಣ್ಯಕಾಂಡದ 31ನೆಯ ಅಧ್ಯಾಯದ ಕಥೆ ಇದು: ಹನ್ನೆರಡು ಸಾವಿರ ಇಸ್ರಾಯೇಲ್ಯರು ಮಿದ್ಯಾನ್ಯರ ಗಂಡಸರನ್ನೆಲ್ಲ ಕೊಂದು, ಹೆಂಗಸರನ್ನೂ ಮಕ್ಕಳನ್ನೂ ಸೆರೆಹಿಡಿದು ತಂದರು. ಇವರನ್ನೇಕೆ ಉಳಿಸಿದಿರೆಂದು ಮೋಶೆ ಸಿಟ್ಟಾದ. ಗಂಡುಮಕ್ಕಳನ್ನೂ ಗಂಡಸರ ಸಂಗ ಮಾಡಿದ ಹೆಂಗಸರನ್ನೂ ಕೊಂದು, ಕನ್ಯೆಯರನ್ನು ಮಾತ್ರ ಇಟ್ಟುಕೊಳ್ಳಿ ಎಂದು ಅಪ್ಪಣೆ ಕೊಟ್ಟ. ಉಳಿದ ಹುಡುಗಿಯರು 32,000. ಕೊಳ್ಳೆಯ ಪಟ್ಟಿಯಲ್ಲಿ ಅವರ ಸಂಖ್ಯೆ 6,75,000 ಕುರಿ, 72,000 ದನ, 61,000 ಕತ್ತೆಗಳ ಜೊತೆಯಲ್ಲೇ ಬರುತ್ತದೆ. ಇಸ್ರಾಯೇಲ್ಯರ ಕಡೆ ಒಬ್ಬನೂ ಸಾಯಲಿಲ್ಲ. ಉಳಿದವರು ಇಷ್ಟಾದರೆ ಸೆರೆಯಲ್ಲಿ ಕೊಲ್ಲಲ್ಪಟ್ಟ ಹೆಂಗಸರು ಮಕ್ಕಳು ಎಷ್ಟು ಸಾವಿರವಾಗಿರಬೇಕು ಎಂದು ಕೊಲೆನ್ಸೊ ಲೆಕ್ಕ ಹಾಕಿದರು. ಇದನ್ನು ನಿಜವೆಂದು ನಂಬಬೇಕಾದರೆ ಕಾನ್ಪುರದ ದುರಂತ ಇದರ ಮುಂದೆ ಏನೂ ಅಲ್ಲ ಎಂದು ಬರೆದರು.

ಆ ಹೋಲಿಕೆಯನ್ನು ಅವರು ಸುಮ್ಮನೆ ಆರಿಸಲಿಲ್ಲ. 1857ರ ದಂಗೆಯಲ್ಲಿ ಕಾನ್ಪುರದ ಬೀಬಿಘರ್‌ನಲ್ಲಿ ಸೆರೆಯಲ್ಲಿದ್ದ ಬ್ರಿಟಿಷ್ ಹೆಂಗಸರು, ಮಕ್ಕಳ ಹತ್ಯೆಯಾಗಿ ಐದು ವರ್ಷವಷ್ಟೇ ಆಗಿತ್ತು. ಆ ಹೆಸರು ಕೇಳಿದರೆ ಸಾಕು, ಇಂಗ್ಲೆಂಡಿನ ಮನೆಮನೆಯಲ್ಲೂ ರಕ್ತ ಕುದಿಯುತ್ತಿತ್ತು. ಸೇಡಿನ ಹೆಸರಿನಲ್ಲಿ ಉತ್ತರ ಭಾರತದಲ್ಲಿ ಎಷ್ಟು ಜನರನ್ನು ಗಲ್ಲಿಗೇರಿಸಿದರು ಎಂಬುದನ್ನು ನಾವು ಬಲ್ಲೆವು. ಸೆರೆಸಿಕ್ಕ ಹೆಂಗಸರು, ಮಕ್ಕಳನ್ನು ಕೊಲ್ಲುವುದು ಕಾನ್ಪುರದಲ್ಲಿ ಪೈಶಾಚಿಕವಾದರೆ ಮಿದ್ಯಾನಿನಲ್ಲಿ ದೈವಿಕವಾಗುವುದು ಹೇಗೆ? ಅಂಥ ಓದುಗರ ಮುಂದೆ ಈ ಪ್ರಶ್ನೆಯನ್ನು ಇಡಲು ಧೈರ್ಯ ಬೇಕು. ಗಣಿತ ಇಲ್ಲಿ ಅವರ ನೆರವಿಗೆ ಬಂದದ್ದೂ ಗಮನಿಸುವಂಥದ್ದೇ. ಸಂಖ್ಯೆಗಳು ಅಸಾಧ್ಯವೆಂದು ತೋರಿದರೆ ಆ ಕೊಲೆ ನಡೆದೇ ಇಲ್ಲ, ದೇವರು ಅದನ್ನು ಆಜ್ಞಾಪಿಸಿಯೂ ಇಲ್ಲ. ಹೊರಗಿನವರಿಗೆ ಶ್ರದ್ಧೆಯ ಬೇರು ಕತ್ತರಿಸುವ ಕೊಡಲಿಯಂತೆ ಕಂಡ ಈ ಲೆಕ್ಕ ಕೊಲೆನ್ಸೊಗೆ ದೇವರ ಮೇಲಿನ ಆರೋಪವನ್ನು ತೊಡೆಯುವ ಕೆಲಸವಾಗಿತ್ತು.

ದೇಶ ಕೆರಳಿತು. ಬಿಷಪ್ಪರೆಲ್ಲ ಹೆಚ್ಚುಕಡಿಮೆ ಒಟ್ಟಾಗಿ ರಾಜೀನಾಮೆ ಕೇಳಿದರು. ಪ್ರಾಣಕ್ಕೆ ಪ್ರಾಣವಾಗಿದ್ದ ಗೆಳೆಯ, ದೇವತಾಶಾಸ್ತ್ರಜ್ಞ ಎಫ್. ಡಿ. ಮಾರಿಸ್ ದೂರವಾದರು. 1863ರ ಜನವರಿಯಲ್ಲಿ ಕವಿ ವಿಮರ್ಶಕ ಮ್ಯಾಥ್ಯೂ ಆರ್ನಲ್ಡ್ 'ಮ್ಯಾಕ್‌ಮಿಲನ್ಸ್ ಮ್ಯಾಗಜೀನ್'ನಲ್ಲಿ ಬರೆದ ಲೇಖನದಲ್ಲಿ ಕೊಲೆನ್ಸೊರನ್ನು ತತ್ತ್ವಜ್ಞಾನಿ ಸ್ಪಿನೋಜಾನ ಪಕ್ಕ ನಿಲ್ಲಿಸಿ ಕುಬ್ಜರನ್ನಾಗಿಸಿದ. ಈ ಪುಸ್ತಕ ಕಲಿತವರಿಗೆ ಹೊಸದೇನನ್ನೂ ಕಲಿಸುವುದಿಲ್ಲ, ಕಲಿಯದವರ ಮನಸ್ಸನ್ನು ಎತ್ತರಿಸುವುದೂ ಇಲ್ಲ ಎಂಬುದು ಅವನ ದೂರು. ಆರ್ನಲ್ಡನಂಥ ಸೂಕ್ಷ್ಮಮತಿಯೂ ಇಲ್ಲಿ ಎಡವಿದ. ಸತ್ಯವನ್ನು ವಿದ್ವಾಂಸರ ನಡುವೆ ಲ್ಯಾಟಿನ್‌ನಲ್ಲಿ ಇಟ್ಟುಕೊಳ್ಳಬಹುದು, ಸಾಮಾನ್ಯರಿಗೆ ಹೇಳಬಾರದು ಎಂಬ ಮಾತನ್ನು ಎನ್ಗಿಡಿಯ ಎದುರು ಕೂತವರು ಹೇಗೆ ಒಪ್ಪಿಯಾರು? ಜುಲು ಜನರನ್ನು ಪರಿವರ್ತಿಸಲು ಹೋದ ಬಿಷಪ್ಪನನ್ನು ಜುಲುವೊಬ್ಬ ಪರಿವರ್ತಿಸಿದ ಎಂದು ಆಡಿಕೊಳ್ಳುವ ಪದ್ಯಗಳು ಕ್ಲಬ್ಬುಗಳಲ್ಲಿ ಓಡಾಡಿದವು. ಆ ನಗುವಿನ ಬುಡದಲ್ಲಿದ್ದದ್ದು ಕಪ್ಪು ಮನುಷ್ಯನೊಬ್ಬ ಬಿಷಪ್ಪನಿಗೆ ಪ್ರಶ್ನೆ ಕೇಳುವುದೇ ಹಾಸ್ಯಾಸ್ಪದ ಎಂಬ ಭಾವನೆ. ಪ್ರಶ್ನೆಗೆ ಉತ್ತರ ಮಾತ್ರ ಯಾರ ಪದ್ಯದಲ್ಲೂ ಇರಲಿಲ್ಲ.

ಉತ್ತರ ಬಂದದ್ದು ಹಾಲೆಂಡಿನ ಲೈಡನ್ನಿನಿಂದ. ಪಂಚಗ್ರಂಥಗಳು ಬೇರೆ ಬೇರೆ ಕಾಲದ ಪದರಗಳಿಂದ ಆದವು ಎಂಬುದನ್ನು ವಿದ್ವಾಂಸರು ಆಗಲೇ ಕಂಡುಕೊಂಡಿದ್ದರು. ಅವುಗಳಲ್ಲಿ ವಂಶಾವಳಿ, ಅಳತೆ, ಜನಗಣತಿಗಳಿಂದ ತುಂಬಿದ ಪದರವೇ ಅತ್ಯಂತ ಪ್ರಾಚೀನ, ಉಳಿದದ್ದಕ್ಕೆ ತಳಪಾಯ ಎಂದು ಬಹುಪಾಲು ಜನ ನಂಬಿದ್ದರು. ಅಷ್ಟು ಖಚಿತವಾಗಿ ಅಂಕಿ ಕೊಡುವವನು ಕಂಡವನೇ ಇರಬೇಕಲ್ಲ! ಕೊಲೆನ್ಸೊ ಅಸಾಧ್ಯವೆಂದು ತೋರಿಸಿದ್ದು ಆ ಪದರದ ಅಂಕಿಗಳನ್ನೇ. ಲೈಡನ್ನಿನ ವಿದ್ವಾಂಸ ಅಬ್ರಹಾಂ ಕ್ಯೂನೆನ್ ಅದನ್ನು ಓದಿ ಯೋಚನೆಗೆ ಬಿದ್ದರು. ಇಷ್ಟು ಅಚ್ಚುಕಟ್ಟಾದ ಅಂಕಿಗಳು ನೆನಪಿನಿಂದ ಬಂದವಲ್ಲ, ಎಷ್ಟೋ ಕಾಲದ ನಂತರ ಯಾಜಕರು ಕೂತು ಕಟ್ಟಿದವು ಎಂಬ ತೀರ್ಮಾನದತ್ತ ನಡೆದರು. ಮುಂದೆ ಜರ್ಮನ್ ವಿದ್ವಾಂಸ ವೆಲ್‌ಹೌಸನ್‌ನ ಕೈಯಲ್ಲಿ ಬೈಬಲ್ ಅಧ್ಯಯನದ ದಿಕ್ಕನ್ನೇ ಬದಲಿಸಿದ ಸಿದ್ಧಾಂತಕ್ಕೆ ಇದೊಂದು ಮೆಟ್ಟಿಲಾಯಿತು. ಕೊಲೆನ್ಸೊರ ಋಣವನ್ನು ಕ್ಯೂನೆನ್ ಬರಹದಲ್ಲಿ ಒಪ್ಪಿಕೊಂಡಿದ್ದಾರೆ.

ಚರ್ಚು ತನ್ನ ದಾರಿಯಲ್ಲಿ ನಡೆಯಿತು. 1863ರ ಕೊನೆಯಲ್ಲಿ ಕೇಪ್‌ಟೌನಿನ ಬಿಷಪ್ ರಾಬರ್ಟ್ ಗ್ರೇ ಒಂಬತ್ತು ಆರೋಪಗಳ ಮೇಲೆ ಧರ್ಮದ್ರೋಹದ ವಿಚಾರಣೆ ನಡೆಸಿ ಕೊಲೆನ್ಸೊರನ್ನು ಪದಚ್ಯುತಗೊಳಿಸಿದರು. ನರಕದ ಶಿಕ್ಷೆ ಅನಂತವಲ್ಲ ಎಂದು ರೋಮಾಪುರದವರಿಗೆ ಬರೆದ ಪತ್ರಿಕೆಯ ವ್ಯಾಖ್ಯಾನದಲ್ಲಿ ಹೇಳಿದ್ದೂ ಆರೋಪಗಳಲ್ಲಿ ಸೇರಿತ್ತು. ಕೊಲೆನ್ಸೊ ಹಾಜರಾಗಲಿಲ್ಲ, ಈ ನ್ಯಾಯಾಲಯಕ್ಕೆ ತನ್ನನ್ನು ವಿಚಾರಿಸುವ ಅಧಿಕಾರವಿಲ್ಲ ಎಂಬ ಆಕ್ಷೇಪಣೆಯನ್ನು ಭಾಷಾವಿಜ್ಞಾನಿ ವಿಲ್ಹೆಲ್ಮ್ ಬ್ಲೀಕ್ ಮೂಲಕ ಓದಿಸಿದರು. 1865ರ ಮಾರ್ಚ್ 20ರಂದು ಲಂಡನ್ನಿನ ಪ್ರಿವಿ ಕೌನ್ಸಿಲ್ ಅದನ್ನೇ ಎತ್ತಿಹಿಡಿದು ಗ್ರೇ ನಡೆಸಿದ್ದೆಲ್ಲ ಕಾನೂನಿನ ಕಣ್ಣಿನಲ್ಲಿ ಶೂನ್ಯ ಎಂದಿತು. ದೇವರ ನೀತಿಯ ಬಗ್ಗೆ ಅದು ಒಂದು ಮಾತನ್ನೂ ಆಡಲಿಲ್ಲ. ಕೊಲೆನ್ಸೊ ನೇಟಾಲಿಗೆ ಮರಳಿದರು. ಗ್ರೇ ಅವರನ್ನು ಬಹಿಷ್ಕರಿಸಿದರು, 1869ರಲ್ಲಿ ಇನ್ನೊಬ್ಬ ಬಿಷಪ್ಪರನ್ನು ಎದುರಾಳಿಯಾಗಿ ನಿಲ್ಲಿಸಿದರು. ಒಂದೇ ಪಟ್ಟಣದಲ್ಲಿ ಇಬ್ಬರು ಬಿಷಪ್ಪರಾದರು. ಆಂಗ್ಲಿಕನ್ ಬಿಷಪ್ಪರು ಇಂದಿಗೂ ಸೇರುವ ಲ್ಯಾಂಬೆತ್ ಸಮ್ಮೇಳನ 1867ರಲ್ಲಿ ಮೊದಲ ಬಾರಿ ನಡೆಯಲು ಈ ಗಲಾಟೆಯೂ ಒಂದು ಕಾರಣ.

ಇಲ್ಲಿಗೆ ನಿಂತಿದ್ದರೆ ಇದು ಗ್ರಂಥಗಳ ಜಗಳವಾಗಿ ಮುಗಿಯುತ್ತಿತ್ತು. ಆದರೆ 1873ರಲ್ಲಿ ನೇಟಾಲಿನ ಹ್ಲೂಬಿ ಜನರ ಮುಖಂಡ ಲಂಗಲಿಬಲೇಲೆ ತನ್ನವರ ಬಂದೂಕುಗಳನ್ನು ನೋಂದಾಯಿಸುವ ವಿಷಯದಲ್ಲಿ ಸರ್ಕಾರದ ಕರೆಗೆ ಬರಲಿಲ್ಲ. ವಜ್ರದ ಗಣಿಗಳಲ್ಲಿ ದುಡಿದ ಯುವಕರು ಕೂಲಿಯ ಹಣದಲ್ಲಿ ತಂದ ಬಂದೂಕುಗಳವು. ಸೈನ್ಯ ಬರುವುದನ್ನು ಕಂಡು ಜನ ಡ್ರಾಕೆನ್ಸ್‌ಬರ್ಗ್ ಬೆಟ್ಟ ಹತ್ತಿ ಓಡಿದರು. ಕಣಿವೆಯಲ್ಲಿ ನಡೆದ ಕಾದಾಟದಲ್ಲಿ ಸರ್ಕಾರದ ಕಡೆಯ ಐವರು ಸತ್ತರು. ಅದಕ್ಕೆ ಸೇಡಾಗಿ ಗುಹೆಗಳಲ್ಲಿ ಅಡಗಿದ್ದ ಮುದುಕರು, ಹೆಂಗಸರು, ಮಕ್ಕಳನ್ನೂ ಬಿಡದೆ ಬೇಟೆಯಾಡಿದರು, ಭೂಮಿ ದನಗಳನ್ನು ಕಿತ್ತುಕೊಂಡರು. ಮುಖಂಡನಿಗೆ ವಕೀಲನನ್ನೂ ಕೊಡದೆ ವಿಚಾರಣೆ ನಡೆಸಿ ರಾಬೆನ್ ದ್ವೀಪಕ್ಕೆ ಜೀವಾವಧಿ ಗಡೀಪಾರು ಮಾಡಿದರು.

ಬೈಬಲ್ ಗಲಾಟೆಯಲ್ಲಿ ಕೊಲೆನ್ಸೊ ಜೊತೆ ನಿಂತಿದ್ದ ನೇಟಾಲಿನ ಬಿಳಿಯರು, ಬಿಷಪ್ಪರು ಈಗಲೂ ತಮ್ಮ ಜೊತೆಗಿರುತ್ತಾರೆಂದು ಎಣಿಸಿದ್ದರು. ಕೊಲೆನ್ಸೊ ಮಾಡಿದ್ದೇ ಬೇರೆ. ಹಳೆಯ ಸ್ನೇಹಿತ, ವಸಾಹತಿನ ಬಲಾಢ್ಯ ಅಧಿಕಾರಿ ಥಿಯೋಫಿಲಸ್ ಶೆಪ್‌ಸ್ಟನ್‌ನ ಎದುರು ನಿಂತು, ಮೋಶೆಯ ಗ್ರಂಥಗಳನ್ನು ಓದಿದ ಕ್ರಮದಲ್ಲೇ ಸರ್ಕಾರಿ ಕಡತಗಳನ್ನು ಓದಿದರು. ಸಾಕ್ಷಿಗಳ ಹೇಳಿಕೆಗಳನ್ನು ಅಕ್ಕಪಕ್ಕ ಇಟ್ಟು ಎಲ್ಲಿ ಒಂದಕ್ಕೊಂದು ಕೂಡುವುದಿಲ್ಲ ಎಂದು ಪುಟಪುಟವಾಗಿ ಬರೆದರು. ದೇವರ ಹೆಸರಿನಲ್ಲಿ ಬರೆದ ದಾಖಲೆಯಾಗಲಿ, ರಾಣಿಯ ಹೆಸರಿನಲ್ಲಿ ಬರೆದ ದಾಖಲೆಯಾಗಲಿ, ದುರ್ಬಲನನ್ನು ದುಡ್ಡೆಂದು ಎಣಿಸಿದರೆ ಅದು ಸುಳ್ಳೇ ಎಂಬುದು ಅವರಿಗೆ ಖಚಿತವಾಗಿತ್ತು. 1874ರಲ್ಲಿ ಇಂಗ್ಲೆಂಡಿಗೆ ಹೋಗಿ ವಸಾಹತು ಮಂತ್ರಿ ಕಾರ್ನಾರ್ವನ್‌ನನ್ನು ಕಂಡು ವಾದಿಸಿದರು. ನೇಟಾಲಿನ ಗವರ್ನರ್ ಪೈನ್‌ನನ್ನು ವಾಪಸು ಕರೆಸಿಕೊಂಡರು, ಲಂಗಲಿಬಲೇಲೆಯನ್ನು ದ್ವೀಪದಿಂದ ಕೇಪಿನ ನೆಲಕ್ಕೆ ತಂದರು. ಆದರೆ ಹ್ಲೂಬಿಗಳ ಭೂಮಿ ಮರಳಿ ಬರಲಿಲ್ಲ. ಬ್ರಿಟಿಷ್ ನ್ಯಾಯ ಕೊನೆಗೆ ಎಚ್ಚೆತ್ತುಕೊಳ್ಳುತ್ತದೆ ಎಂಬ ನಂಬಿಕೆಯನ್ನು ಕೊಲೆನ್ಸೊ ತುಂಬ ಕಾಲ ಬಿಡಲಿಲ್ಲ. ಅದು ಅವರ ದೊಡ್ಡ ಮಿತಿ.

1879ರ ಜನವರಿ 22ರಂದು ಇಸಂಡ್ಲ್ವಾನಾದಲ್ಲಿ ಜುಲು ಸೈನ್ಯ, ತನ್ನ ನಾಡಿನ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಪಡೆಯ 1,300ಕ್ಕೂ ಹೆಚ್ಚು ಜನರನ್ನು ಕೊಂದುಹಾಕಿತು. ಸತ್ತವರಲ್ಲಿ ಕೊಲೆನ್ಸೊ ಮನೆಗೆ ಆಪ್ತನಾಗಿದ್ದ ಆಂಥನಿ ಡರ್ನ್‌ಫೋರ್ಡ್ ಕೂಡ ಇದ್ದ. ಮಾರ್ಚ್ 12ನ್ನು ಶೋಕ ಮತ್ತು ಪ್ರಾರ್ಥನೆಯ ದಿನವೆಂದು ಸರ್ಕಾರ ಸಾರಿತು. ಸೇಡಿನ ಮಾತು ಕೇಳಲು ಬಂದವರ ಮುಂದೆ ಕೊಲೆನ್ಸೊ ಪ್ರವಾದಿ ಮೀಕನ ಗ್ರಂಥವನ್ನು ತೆರೆದರು. ದೇವರು ಮನುಷ್ಯನಿಂದ ಬೇಡುವುದು ನ್ಯಾಯ, ಕರುಣೆ, ದೀನತೆ ಎನ್ನುವ ಭಾಗ ಅದು. ಜುಲು ನಾಡಿನ ಮೇಲೆ ದಂಡೆತ್ತಿ ಹೋದ ನಮ್ಮ ನಡತೆಯಲ್ಲಿ ಈ ಮೂರರಲ್ಲಿ ಯಾವುದಿತ್ತು ಎಂದು ಕೇಳಿದರು. ಅಕ್ಷರಅಕ್ಷರ ದೇವವಾಣಿಯಲ್ಲ ಎಂದು ಅವರು ಹದಿನೇಳು ವರ್ಷ ವಾದಿಸಿದ್ದ ಅದೇ ಹಳೆಯ ಒಡಂಬಡಿಕೆಯ ಪುಟಗಳಿವು. ಆ ವರ್ಷವೇ ಅವರ ಪಂಚಗ್ರಂಥ ವಿಮರ್ಶೆಯ ಏಳನೆಯ, ಕೊನೆಯ ಸಂಪುಟ ಹೊರಬಂತು.

1883ರ ಜೂನ್ 20ರಂದು ಕೊಲೆನ್ಸೊ ತೀರಿಕೊಂಡರು. ಪೀಟರ್‌ಮಾರಿಟ್ಸ್‌ಬರ್ಗಿನ ಸೇಂಟ್ ಪೀಟರ್ಸ್ ಚರ್ಚಿನೊಳಗೆ ಅವರನ್ನು ಹೂಳಿದರು. ಮರುವರ್ಷ ಬಿಷಪ್ಪರ ಮನೆ ಬೆಂಕಿಗೆ ಆಹುತಿಯಾಯಿತು. ಮಗಳು ಹ್ಯಾರಿಯೆಟ್ ಜುಲು ರಾಜಮನೆತನದ ಪರವಾಗಿ ದಶಕಗಳ ಕಾಲ ಅರ್ಜಿ ಬರೆಯುತ್ತಾ, ಕೋರ್ಟಿಗೆ ಅಲೆಯುತ್ತಾ ಹೋರಾಟ ಮುಂದುವರಿಸಿದರು. ಎನ್ಗಿಡಿ ಅಷ್ಟು ಹೊತ್ತಿಗೆ ಮಿಷನ್ ಬಿಟ್ಟು ತಮ್ಮ ಜನರ ಬಾಳಿಗೆ ಮರಳಿದ್ದರು. ಅವರ ಜೊತೆ ಎಂಪಾಂಡೆಯ ಅರಮನೆಗೆ ಹೋಗಿದ್ದ, ಎಕುಖನ್ಯೇನಿಯಲ್ಲಿ ಅಚ್ಚಿನ ಮೊಳೆ ಜೋಡಿಸಲು ಕಲಿತಿದ್ದ ಹುಡುಗ ಮಗೇಮಾ ಫೂಜೆ ವಯಸ್ಸಾದ ಮೇಲೆ ಕಪ್ಪು ಜನರ ಮೂಲವನ್ನು ಕುರಿತು ತನ್ನ ಭಾಷೆಯಲ್ಲಿ ಒಂದು ಪುಸ್ತಕ ಬರೆದ. 1922ರಲ್ಲಿ ಪೀಟರ್‌ಮಾರಿಟ್ಸ್‌ಬರ್ಗಿನಲ್ಲಿ ಅಚ್ಚಾದ ಅದು ಜುಲು ಮಾತೃಭಾಷೆಯವರೊಬ್ಬರು ಜುಲುವಿನಲ್ಲೇ ಬರೆದ ಮೊದಲ ಪುಸ್ತಕಗಳಲ್ಲೊಂದು.